ಗಲ್ಲಾಪೆಟ್ಟಿಗೆಯ ಮೇಲೆ ಎರಡನೆಯ ಬೋರ್ಡು

ಮೊನ್ನೆ ಬೇಲೂರಿನ ದೇವಾಲಯ ನೋಡಿಕೊಂಡು ನೆಂಟರ ಮನೆಗೆಂದು ಗೆಂಡೆಹಳ್ಳಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಬಸ್ಸು ತಡವೆಂದು ತಿಳಿದು ಅಲ್ಲಿಯ ಒಂದು ಹೋಟೆಲನ್ನು ಹೊಕ್ಕೆ. ನಾಲ್ಕು ಮೇಜು, ಹೊಗೆ ಹಿಡಿದ ಗೋಡೆ, ಗಲ್ಲಾಪೆಟ್ಟಿಗೆಯ ಮೇಲೆ ಊದುಬತ್ತಿ ಹಚ್ಚಿದ ದೇವರ ಪಟ. ಪಟದ ಪಕ್ಕದಲ್ಲಿ ಬಣ್ಣ ಇನ್ನೂ ಆರದಂತಿದ್ದ ಒಂದು ಬೋರ್ಡು: "ಕೆಲಸಗಾರರ ಸಂಬಳ ಹೆಚ್ಚಾಗಿರುವ ಕಾರಣ ತಿಂಡಿ ಕಾಫಿಯ ದರ ಹೆಚ್ಚಿಸಲಾಗಿದೆ. ಗ್ರಾಹಕರು ಸಹಕರಿಸಬೇಕಾಗಿ ವಿನಂತಿ."

ಇಡ್ಲಿ ತಂದಿಟ್ಟ ಹುಡುಗನಿಗೆ ಇಪ್ಪತ್ತು ದಾಟಿರಬೇಕು. ಕೇಳಿದೆ: "ಏನಪ್ಪಾ, ಸಂಬಳ ಹೆಚ್ಚಾಯಿತಂತಲ್ಲ? ಎಷ್ಟು ಹೆಚ್ಚು ಮಾಡಿದರು?"

ಅವನು ಗಲ್ಲಾದ ಕಡೆ ಒಮ್ಮೆ ನೋಡಿ, ಒರೆಸಿದ್ದ ಮೇಜನ್ನೇ ಇನ್ನೊಮ್ಮೆ ಒರೆಸುತ್ತ ಹೇಳಿದ: "ಕೊಡ್ತೀನಿ ಅಂದವ್ರೆ ಸಾರ್. ಹಬ್ಬ ಕಳೀಲಿ ಅಂದವ್ರೆ."

ಬೆಲೆ ಬಸ್ಸು ಹತ್ತಿ ಬಂದುಬಿಟ್ಟಿತು. ಸಂಬಳ ಇನ್ನೂ ನಡೆದುಕೊಂಡು ಬರುತ್ತಿದೆ. ಹಣ ಕೊಡುವಾಗ ಯಜಮಾನರನ್ನೂ ಮಾತನಾಡಿಸಿದೆ. "ಏನ್ ಮಾಡೋದು ಸ್ವಾಮಿ, ಗೌರ್ಮೆಂಟಿನೋರು ಕೂಲಿ ಏರಿಸ್ತಾ ಹೋದ್ರೆ ನಾವೇನು ಮನೆಯಿಂದ ತಂದು ಕೊಡೋಕಾಯ್ತದಾ?" ಎಂದರು. ಪಕ್ಕದ ಮೇಜಿನಲ್ಲಿದ್ದ, ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದ ಗೃಹಸ್ಥರೊಬ್ಬರು ತಲೆಯಾಡಿಸಿ, "ನಿಜ, ಈ ಕೂಲಿಯವರದೇ ಕಾಲ ಈಗ" ಎಂದರು. ಹುಡುಗ ಏನೂ ಹೇಳಲಿಲ್ಲ. ಅವನಿಗೆ ತೊಳೆಯಬೇಕಾದ ಲೋಟಗಳಿದ್ದವು.

ನನ್ನ ಜಗಳ ಆ ಒಂದು ಹೋಟೆಲಿನೊಡನೆ ಅಲ್ಲ. ಬೋರ್ಡಿನ ಆ ಒಂದು ವಾಕ್ಯದೊಡನೆ, ಅದನ್ನು ಓದಿ ತಲೆಯಾಡಿಸುವ ನಮ್ಮಂಥವರೊಡನೆ. ಹಾಲಿನ ಬೆಲೆ ಏರಿದರೆ ಯಾರೂ ಹಸುವನ್ನು ಬೈಯುವುದಿಲ್ಲ. ಅಂಗಡಿಯ ಬಾಡಿಗೆ ಏರಿದರೆ ಕಟ್ಟಡದ ಒಡೆಯನ ಹೆಸರು ಬೋರ್ಡಿನಲ್ಲಿ ಕಾಣುವುದಿಲ್ಲ. ಸಂಬಳ ಏರಿದರೆ ಮಾತ್ರ, ಇಲ್ಲವೆ ಏರೀತೆಂಬ ಸುದ್ದಿ ಬಂದರೆ ಮಾತ್ರ, ಕಾರಣವನ್ನು ಗ್ರಾಹಕನ ಕಣ್ಣಿಗೆ ಹಿಡಿಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಹಳೆಯದು. ಇಲ್ಲಿ ಬರೆ ಬಿದ್ದುದಲ್ಲದೆ, ಜ್ವರಕ್ಕೆ ಎಮ್ಮೆಯೇ ಕಾರಣವೆಂದು ಡಂಗುರವನ್ನೂ ಸಾರಿದಂತಾಯಿತು.

ಹೋಟೆಲಿನವರ ಕಷ್ಟ ಸುಳ್ಳೆಂದು ನಾನು ಹೇಳಲಾರೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಅದೇ ವರ್ಷ ಕಾಫಿಯ ಬೆಲೆ ಜಗತ್ತಿನ ಮಾರುಕಟ್ಟೆಯಲ್ಲಿ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಬೇಲೂರು ಸೀಮೆಯ ತೋಟದವರಿಗೆ ಅದು ಸುಗ್ಗಿ, ಲೋಟದಲ್ಲಿ ಮಾರುವವನಿಗೆ ಸಂಕಟ. ಬೆಲೆಯನ್ನು ಖರ್ಚಿಗಿಂತ ಕೆಳಕ್ಕೆ ತುಳಿದರೆ ಏನಾಗುತ್ತದೆಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ಕಟ್ಟಿದ ಬೆಲೆಗೆ ತನ್ನ ರುಚಿಯನ್ನು ಉಳಿಸಿಕೊಳ್ಳಲಾರದೆ, ಪೊಟ್ಟಣದ ಹಿಟ್ಟು ಪುಡಿಗಳ ವ್ಯಾಪಾರಕ್ಕೆ ತಿರುಗಬೇಕಾಯಿತು. ಆದುದರಿಂದ ಬೆಲೆ ಏರಲೇಕೂಡದೆಂಬುದು ನನ್ನ ವಾದವಲ್ಲ. ಏರಿದ ಬೆಲೆಗೆ ಹೇಳುವ ಕಾರಣ ಲೆಕ್ಕಕ್ಕೆ ನಿಲ್ಲಬೇಕು, ಅಷ್ಟೆ.

ಲೆಕ್ಕ ಮಾಡೋಣ. ಒಂದು ಸಣ್ಣ ಹೋಟೆಲಿನಲ್ಲಿ ಭಟ್ಟರು, ಸಪ್ಲೈಯರು, ಕ್ಲೀನರು ಎಲ್ಲ ಸೇರಿ ಆರು ಮಂದಿ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೂ ತಿಂಗಳಿಗೆ 3,000 ರೂಪಾಯಿ ನಿಜವಾಗಿಯೂ ಹೆಚ್ಚಾಯಿತೆನ್ನಿ. ತಿಂಗಳಿಗೆ 18,000; ದಿನಕ್ಕೆ 600. ದಿನಕ್ಕೆ 300 ಜನ ಬಂದರೆ ತಲೆಗೆ 2 ರೂಪಾಯಿ. ಹೆಚ್ಚಳವನ್ನು ಇಮ್ಮಡಿ ಮಾಡಿದರೂ 4 ರೂಪಾಯಿ. ಲೀಟರು ಹಾಲಿಗೆ ಹತ್ತೇ ಲೋಟವೆಂದರೂ ಹಾಲಿನ ಏರಿಕೆ ಲೋಟಕ್ಕೆ 40 ಪೈಸೆ. ಆದರೆ ಬೋರ್ಡು ಬದಲಾದ ದಿನ ತಿಂಡಿಗೆ 5, ಕಾಫಿಗೆ 3 ಏರಿದರೆ, ಎರಡನ್ನೂ ತೆಗೆದುಕೊಳ್ಳುವವನ ಕೈಯಿಂದ 8 ರೂಪಾಯಿ ಹೋಯಿತು, ದಿನಕ್ಕೆ 2,400. ಕಾಫಿಪುಡಿ, ಗ್ಯಾಸು, ಎಣ್ಣೆ, ಬಾಡಿಗೆ ಎಂದು ಉಳಿದುದಕ್ಕೆ ಕಾರಣಗಳಿರಬಹುದು. ಇದ್ದರೆ ಅವನ್ನೂ ಬರೆಯಲಿ. ಆರು ಜನರ ಬೆನ್ನ ಮೇಲೆ ಇಡೀ ಮೂಟೆಯನ್ನು ಹೊರಿಸುವುದೇಕೆ?

ಇದು ನನ್ನೊಬ್ಬನ ಕೂಡುವ ಕಳೆಯುವ ಆಟವಲ್ಲ. 1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಎರಡು ಕಡೆಯ ಉಪಾಹಾರ ಗೃಹಗಳನ್ನೂ ಹೋಲಿಸಿ ನೋಡಿದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್, ಕೂಲಿ ಏರಿದ ಕಡೆ ಕೆಲಸಗಳು ಕಡಿಮೆಯಾಗಲಿಲ್ಲವೆಂದು 1994ರಲ್ಲಿ ಬರೆದರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂತು. ಕೂಲಿ ಸುಮಾರು ನೂರಕ್ಕೆ ಹತ್ತೊಂಬತ್ತು ಏರಿದಾಗ ಊಟದ ಬೆಲೆ ಏರಿದ್ದು ಸುಮಾರು ನೂರಕ್ಕೆ ನಾಲ್ಕು. ಡೇನಿಯಲ್ ಆರನ್ಸನ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ ಕನಿಷ್ಠ ಕೂಲಿ ನೂರಕ್ಕೆ ಹತ್ತು ಏರಿದರೆ ಹೋಟೆಲಿನ ಬೆಲೆ ಏರುವುದು ನೂರಕ್ಕೆ 0.7ರಷ್ಟು. ಈ ಲೆಕ್ಕಗಳನ್ನು ಒಪ್ಪದ ಪಂಡಿತರೂ ಇದ್ದಾರೆ. ಅಲ್ಲಿಯ ಅಂಕಿ ಗೆಂಡೆಹಳ್ಳಿಗೆ ಹಾಗೆಯೇ ಹೊಂದುವುದೂ ಇಲ್ಲ. ಆದರೆ ಕೂಲಿ ಎಂಬುದು ಬೆಲೆಯ ಒಂದು ಪಾಲು ಮಾತ್ರವೆಂಬ ಮಾತು ಎಲ್ಲಿಯಾದರೂ ಒಂದೇ.

ಇನ್ನೊಂದು ಸಂಗತಿಯನ್ನು ಓದುಗರು ಮರೆತಿರಲಾರರು. ಖರ್ಚು ಏರಿದರೆ ಬೆಲೆ ಏರಬೇಕೆಂಬುದು ನ್ಯಾಯವಾದರೆ, ಹೊರೆ ಇಳಿದಾಗ ಬೆಲೆ ಇಳಿಯಬೇಕೆಂಬುದೂ ನ್ಯಾಯವೇ. 2017ರ ನವೆಂಬರ್ 15ರಂದು ಹೋಟೆಲಿನ ಜಿ.ಎಸ್.ಟಿ. 18 ಮತ್ತು 12ರಿಂದ ನೂರಕ್ಕೆ 5ಕ್ಕೆ ಇಳಿಯಿತು. ಮರುದಿನ ಅನೇಕ ಕಡೆ ತಿಂಡಿಯ ಮೂಲಬೆಲೆಯೇ ಮೇಲಕ್ಕೆ ಹತ್ತಿ, ಬಿಲ್ಲಿನ ಮೊತ್ತ ಇದ್ದಲ್ಲೇ ಇತ್ತು. ಕೊಂಡ ಸಾಮಾನಿನ ತೆರಿಗೆಯನ್ನು ಕಳೆದುಕೊಳ್ಳುವ ಸೌಕರ್ಯ ತಪ್ಪಿತೆಂದು ಹೋಟೆಲಿನವರು ಸಮಾಧಾನ ಹೇಳಿದರು. ಅದರಲ್ಲಿ ಸತ್ಯಾಂಶವಿತ್ತು. ಆದರೆ ಆಗ ಯಾರೂ ಗಲ್ಲಾದ ಮೇಲೆ ಬೋರ್ಡು ತೂಗುಹಾಕಿ ಲೆಕ್ಕ ಒಪ್ಪಿಸಲಿಲ್ಲ. ದೊಡ್ಡ ಊರುಗಳ ದೊಡ್ಡ ಹೋಟೆಲುಗಳಂತೂ ಸೇವಾಶುಲ್ಕವೆಂದು ಬಿಲ್ಲಿಗೆ ಒಂದು ಸಾಲನ್ನೇ ಸೇರಿಸಿದ್ದವು. ಗ್ರಾಹಕನ ಮೇಲೆ ಅದನ್ನು ಕಡ್ಡಾಯ ಮಾಡಕೂಡದೆಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿದರೆ, ಹೋಟೆಲು ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚಿಯಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಕೆಲಸಗಾರನ ಹೆಸರಿನಲ್ಲಿ ಹಣ ಎತ್ತುವುದು ಹೊಸ ವಿದ್ಯೆಯೇನೂ ಅಲ್ಲ.

ಇಷ್ಟರವರೆಗೆ ಓದಿ, ಹೋಟೆಲಿನವರಿಗೆ ತಕ್ಕ ಶಾಸ್ತಿಯಾಯಿತೆಂದು ಸಂತೋಷಪಡುತ್ತಿರುವ ಗ್ರಾಹಕ ಮಿತ್ರರಿಗೆ ಈಗ ನಾಲ್ಕು ಮಾತು. ನಾವು "ಹಿಂದೆ ಎಷ್ಟು ಅಗ್ಗವಿತ್ತು" ಎಂದು ನಿಟ್ಟುಸಿರು ಬಿಡುತ್ತೇವೆ. ಆ ಅಗ್ಗದ ಕಾಫಿಯ ಉಳಿದ ಬೆಲೆಯನ್ನು ಕೊಟ್ಟವರು ಯಾರು? ಊರು ಬಿಟ್ಟು ಬಂದು, ಹೋಟೆಲಿನ ಅಟ್ಟದ ಮೇಲೋ ಮೇಜುಗಳ ನಡುವೆಯೋ ಚಾಪೆ ಹಾಸಿ ಮಲಗಿ, ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚಿದ ಮಾಣಿಗಳು ಕೊಟ್ಟರು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಕೂಡದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಲ್ಲಿಯವರೆಗೆ ಆ ಮಕ್ಕಳು ತಂದಿಟ್ಟ ತಟ್ಟೆಯಿಂದ ನಾವು ತಿಂದೆವು. ಬೆಲೆ ನ್ಯಾಯವಾಗಿದೆಯೆಂದು ಮೆಚ್ಚಿಕೊಂಡೆವು. ಇಂದು ಆ ಚಾಪೆಯ ಮೇಲೆ ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದವನಿದ್ದಾನೆ. ನಾವು ಅವನಿಗೆ ಐದು ರೂಪಾಯಿ ಟಿಪ್ಸು ಇಟ್ಟು ಧರ್ಮ ಮಾಡಿದೆವೆಂದುಕೊಳ್ಳುತ್ತೇವೆ. ಸಂಬಳವಾಗಿ ಸಲ್ಲಬೇಕಾದದ್ದನ್ನು ದಾನವಾಗಿ ಕೊಟ್ಟರೆ ಕೊಡುವವನ ಕೈ ಮೇಲಾಗುತ್ತದೆ. ನಮಗೆ ಬೇಕಾದುದು ಅದೇ ಇರಬೇಕು.

ಕನಿಷ್ಠ ವೇತನವೆಂದರೆ ಸರಕಾರದ ಉದಾರತೆಯೆಂಬ ಭ್ರಮೆಯೂ ನಮ್ಮಲ್ಲಿದೆ. ಅದರ ಅಳತೆ ನಿಶ್ಚಯವಾದದ್ದು 1957ರಲ್ಲಿ, ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ. ಸರಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತು ಒಪ್ಪಿದ ಅಳತೆ ಅದು. ದುಡಿಯುವವನ ಸಂಸಾರವನ್ನು ಮೂರು ಆಳಿನ ಲೆಕ್ಕಕ್ಕೆ ಹಿಡಿದು ಆಳಿಗೆ 2,700 ಕ್ಯಾಲೊರಿಯ ಊಟ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಮೊದಲಾದವಕ್ಕೆ ನೂರಕ್ಕೆ ಇಪ್ಪತ್ತು ಪಾಲು. ಮಕ್ಕಳ ಓದು, ಔಷಧಿ, ಮುಪ್ಪು, ಮದುವೆ ಇವೂ ಮನುಷ್ಯನಿಗೆ ಉಂಟೆಂದು ಇನ್ನು ಇಪ್ಪತ್ತೈದು ಪಾಲನ್ನು ಸೇರಿಸಲು ಸರ್ವೋಚ್ಚ ನ್ಯಾಯಾಲಯದ 1991ರ ರೆಪ್ಟಾಕೋಸ್ ಬ್ರೆಟ್ ತೀರ್ಪು ಬರಬೇಕಾಯಿತು. ಇದರಲ್ಲಿ ಯಾತ್ರೆ ಇಲ್ಲ, ಹೋಟೆಲಿನ ಮಸಾಲೆದೋಸೆಯಂತೂ ಇಲ್ಲವೇ ಇಲ್ಲ. ದಿನವೆಲ್ಲ ಪರರ ಕ್ಯಾಲೊರಿಗಳನ್ನು ತಟ್ಟೆಯಲ್ಲಿ ಹೊತ್ತು ತಿರುಗುವವನ ಸ್ವಂತ ಕ್ಯಾಲೊರಿಯ ಲೆಕ್ಕ ಇಷ್ಟೇ.

ಹೊಟ್ಟೆಪಾಡಿನ ಕೂಲಿಯನ್ನೂ ಕೊಡಲಾರದ ಉದ್ಯಮಕ್ಕೆ ನಡೆಯುವ ಹಕ್ಕೇ ಇಲ್ಲವೆಂದು 1957ರಷ್ಟು ಹಿಂದೆಯೇ ಕ್ರೌನ್ ಅಲ್ಯೂಮಿನಿಯಮ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯಪಟ್ಟಿತ್ತು. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರಕಾರ ಕರಡು ಅಧಿಸೂಚನೆ ಹೊರಡಿಸಿ, ತಿಂಗಳಿಗೆ ಅತಿ ಕಡಿಮೆಯೆಂದರೆ ಸುಮಾರು 19,319 ರೂಪಾಯಿ, ಅತಿ ಹೆಚ್ಚೆಂದರೆ ಸುಮಾರು 34,225 ರೂಪಾಯಿ ಎಂದು ಸೂಚಿಸಿದಾಗ, ಉದ್ಯಮಿಗಳ ಸಂಘಗಳಿಂದ ಎದ್ದ ಆಕ್ಷೇಪಣೆ ಒಂದೇ: ಕೊಡಲು ಶಕ್ತಿಯಿಲ್ಲ. ಶಕ್ತಿಯಿಲ್ಲದವನು ಬಾಡಿಗೆಯನ್ನೂ ಕೊಡಲಾರ, ಗ್ಯಾಸಿಗೂ ಕೊಡಲಾರ. ಅವೆರಡಕ್ಕೂ ತಿಂಗಳ ಮೊದಲಲ್ಲೇ ಶಕ್ತಿ ಬರುತ್ತದೆ. ಸಂಬಳದ ಸರದಿಗೆ ಮಾತ್ರ ಬಲಗುಂದುತ್ತದೆ.

ಕೆಲಸಗಾರನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದರೆ ಹೋಟೆಲು ಮುಚ್ಚಿಹೋಗುತ್ತದೆಂಬ ಹೆದರಿಕೆಗೆ ಬೆಂಗಳೂರೇ ಉತ್ತರ ಕೊಟ್ಟಿದೆ. ಐವತ್ತರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಬೀದಿಗೆ ಬೀಳಲಿದ್ದ ಕೆಲಸಗಾರರು ಎ. ಕೆ. ಗೋಪಾಲನ್ ಅವರ ನಾಯಕತ್ವದಲ್ಲಿ ಸಹಕಾರ ಸಂಘ ಕಟ್ಟಿದರು. ಮೊದಲನೆಯದು ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಮಂಡಳಿಗೆ ಬೇಡವಾದ ವ್ಯಾಪಾರವನ್ನು ಲೋಟ ಹಿಡಿಯುವ ಕೈಗಳೇ ನಡೆಸಿದವು. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಅಷ್ಟು ವರ್ಷ ಅಲ್ಲಿ ಕುಳಿತು ಹರಟೆ ಹೊಡೆದ ನಮ್ಮ ಸಾಹಿತಿಗಳಿಗೂ ವಕೀಲರಿಗೂ ಆ ಕಾಫಿ ಎಂದೂ ದುಬಾರಿಯೆನಿಸಲಿಲ್ಲ. ಎಲ್ಲ ಹೋಟೆಲುಗಳೂ ಸಹಕಾರ ಸಂಘಗಳಾಗಬೇಕೆಂದು ನಾನು ಹೇಳುತ್ತಿಲ್ಲ. ಅಗ್ಗದ ಲೋಟಕ್ಕೆ ಬಡ ಸಂಬಳ ಬೇಕೇ ಬೇಕೆಂಬುದು ಸುಳ್ಳೆಂದು ಮಾತ್ರ ಹೇಳುತ್ತಿದ್ದೇನೆ.

ಹಾಗಾದರೆ ಮಾಡಬೇಕಾದುದೇನು? ಬೋರ್ಡನ್ನು ಕೀಳಬೇಕಾಗಿಲ್ಲ, ಅದರ ಪಕ್ಕದಲ್ಲಿ ಇನ್ನೊಂದನ್ನು ಹಾಕಬೇಕು. ನನ್ನ ಹೊಸ ಕಲ್ಪನೆಯಲ್ಲ ಇದು. 1948ರ ಕನಿಷ್ಠ ವೇತನ ಕಾಯಿದೆಯೇ ಮಾಲೀಕನು ಪ್ರಕಟಣೆ ತೂಗುಹಾಕಬೇಕೆಂದು ವಿಧಿಸಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ: ಯಾವ ಕೆಲಸಕ್ಕೆ ಎಷ್ಟು ದರ, ಯಾವ ದಿನ ಬಟವಾಡೆ, ದೂರು ಕೇಳುವ ಅಧಿಕಾರಿ ಯಾರು ಎಂಬುದನ್ನು ಎಲ್ಲರಿಗೂ ಕಾಣುವಲ್ಲಿ ಬರೆದು ಹಾಕಬೇಕು. ನೀವು ಕಾಫಿ ಕುಡಿಯುವ ಹೋಟೆಲಿನಲ್ಲಿ ಒಮ್ಮೆ ತಲೆಯೆತ್ತಿ ನೋಡಿ. "ಇಂದು ನಗದು ನಾಳೆ ಸಾಲ" ಕಂಡೀತು, "ಕೈ ತೊಳೆದ ನೀರು ಚೆಲ್ಲಬೇಡಿ" ಕಂಡೀತು. ಈ ಬೋರ್ಡನ್ನು ನಾನಂತೂ ಕಂಡಿಲ್ಲ.

ಅದು ಬಂದ ದಿನ ಬೆಲೆ ಏರಿದರೆ ನಾನು ಮರುಮಾತಿಲ್ಲದೆ ಕೊಡುತ್ತೇನೆ, ನೀವೂ ಕೊಡಬೇಕು. ಎರಡು ರೂಪಾಯಿಯಾಗಲಿ, ನಾಲ್ಕು ರೂಪಾಯಿಯಾಗಲಿ, ಅದು ನಾವು ಬಹುಕಾಲದಿಂದ ತೀರಿಸದೆ ಉಳಿಸಿಕೊಂಡ ಸಾಲ. ಸಣ್ಣ ಊರಿನ ಸಣ್ಣ ಹೋಟೆಲಿಗೆ ಗ್ರಾಹಕನೇ ಆಸರೆ, ಅಲ್ಲಿ ಚೌಕಾಸಿ ಮಾಡುವುದು ನಾಚಿಕೆಗೇಡು. ಆದರೆ ಆ ಬೋರ್ಡಿಲ್ಲದೆ ಸಂಬಳದ ಹೆಸರು ಹೇಳಿ ಕೈಚಾಚಿದರೆ, ಕೇಳುವ ಹಕ್ಕು ನಮಗಿದೆ. ಬೇಲೂರು ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದುವೆಂದು ನಾವೆಲ್ಲ ಹಿಗ್ಗಿದೆವು. ಕಲ್ಲು ಕಡೆದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಬಿಟ್ಟು ಹೋಗಿದ್ದಾರೆಂದು ಅಲ್ಲಿಗೆ ಬಂದವರಿಗೆ ತೋರಿಸುತ್ತೇವೆ. ದುಡಿದವನ ಹೆಸರನ್ನು ಸುಮಾರು ಒಂಬೈನೂರು ವರ್ಷ ಉಳಿಸಿದ ಸೀಮೆಯಲ್ಲಿ, ದುಡಿಯುತ್ತಿರುವವನ ಸಂಬಳವನ್ನು ಒಂದು ಹಲಗೆಯ ಮೇಲೆ ಬರೆಯಲು ಜಾಗವಿಲ್ಲವೆ?

ಗೆಂಡೆಹಳ್ಳಿಯ ಆ ಹುಡುಗನ ಹಬ್ಬ ಯಾವುದೆಂದು ನಾನು ಕೇಳಲಿಲ್ಲ. ಬಸ್ಸು ಬಂದುಬಿಟ್ಟಿತು. ಇನ್ನೊಮ್ಮೆ ಹೋದಾಗ ಮೊದಲು ಅವನನ್ನೇ ಕೇಳುತ್ತೇನೆ, ಇಡ್ಲಿಯನ್ನು ಆಮೇಲೆ.