ಧ್ವನಿವರ್ಧಕದ ಅಶ್ವಶಕ್ತಿ

ಉತ್ತರ ಕರ್ನಾಟಕದ ಜಾತ್ರೆ, ಉತ್ಸವಗಳಲ್ಲಿ ನಮ್ಮದೇ ಆದ ಮೋಟಾರು ಕ್ರೀಡೆಯೊಂದು ಬೆಳೆದು ನಿಂತಿದೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ, ಸರಪಳಿ ಬಿಗಿದು ಜಗ್ಗಿಸುವುದೇ ಆ ಕ್ರೀಡೆ. ಮುಂದಿನ ಗಾಲಿಗಳು ಮೇಲೆದ್ದಂತೆ ಧ್ವನಿವರ್ಧಕದ ವರ್ಣನೆಯೂ ಮುಗಿಲಿಗೇರುತ್ತದೆ. ಯಂತ್ರ ಹುಲಿಯಾಗುತ್ತದೆ, ಚಾಲಕ ರಣವೀರನಾಗುತ್ತಾನೆ. ಕೆಂಪು, ನೀಲಿ, ಹಸಿರು ಬಣ್ಣದ ಟ್ರ್ಯಾಕ್ಟರುಗಳ ಅಭಿಮಾನಿಗಳು ಕಂಪನಿಯ ಮಾನವನ್ನು ತಮ್ಮ ಮಾನವೆಂದು ಭಾವಿಸಿ ಕೆರಳುತ್ತಾರೆ. ಸಾಲದ ಕಂತು ಕಟ್ಟಬೇಕಾದವನು ಮಾತ್ರ ರೈತನೇ.

ಈ ಆರ್ಭಟದಲ್ಲಿ ಸತ್ಯವೆಷ್ಟು? ಜಗ್ಗಾಟದ ಗೆಲುವನ್ನು ನಿರ್ಧರಿಸುವುದು ಎಂಜಿನ್ನಿನ ಅಶ್ವಶಕ್ತಿಯೊಂದೇ ಅಲ್ಲ. ಹಿಂದಿನ ಗಾಲಿಗಳ ಮೇಲಿನ ತೂಕ, ಟೈರಿನ ಹಿಡಿತ, ನೆಲದ ಗುಣ, ಸರಪಳಿ ಕಟ್ಟಿದ ಎತ್ತರ, ಇವೆಲ್ಲವೂ ಸೇರುತ್ತವೆ. ಸರಪಳಿಯನ್ನು ಮೇಲಕ್ಕೆ ಕಟ್ಟಿದಷ್ಟೂ ಮುಂಭಾಗ ಸುಲಭವಾಗಿ ಏಳುತ್ತದೆ. ಗಾಲಿ ಎದ್ದರೆ ಅದು ಪೌರುಷವಲ್ಲ. ಟ್ರ್ಯಾಕ್ಟರು ಹಿಂದಕ್ಕೆ ಮಗುಚುವ ಮುನ್ಸೂಚನೆ. ಆಗ ಚಾಲಕನಿಗೆ ಕ್ಲಚ್ ತುಳಿಯುವಷ್ಟು ವ್ಯವಧಾನವೂ ದೊರೆಯದಿರಬಹುದು. ಚಪ್ಪಾಳೆ ತಟ್ಟಿರೆಂದು ಕೂಗುವ ಆ ಕ್ಷಣವೇ ಪ್ರಾಣಕ್ಕೆ ಎರವಾಗಬಲ್ಲ ಕ್ಷಣ.

ಅತಿರಂಜನೆಯ ಈ ರೋಗ ಜಗ್ಗಾಟಕ್ಕಷ್ಟೇ ಸೀಮಿತವಲ್ಲ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡೆಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ 2009ರಲ್ಲಿ ಸ್ಥಾಪಿಸಿದ 9.58ರ ದಾಖಲೆ ಮುರಿಯಿತೆಂದು ಸಾರಲಾಯಿತು. ಮುಂದೆ ಓಡಿದ ಜೋಡಿ ಕೋಣಗಳು ಆ ಲೆಕ್ಕದಲ್ಲಿ ಇರಲಿಲ್ಲ. ಕೋಣಗಳಿಗೇ ಶ್ರೇಯಸ್ಸು ಸಲ್ಲಿಸಿ, ಓಟದ ಪರೀಕ್ಷೆಯನ್ನು ನಿರಾಕರಿಸಿದವರು ಸ್ವತಃ ಗೌಡರು. ಕೆಸರಿನಲ್ಲಿ ಓಡಿದವರಿಗಿದ್ದ ಅಳತೆಯ ಪ್ರಜ್ಞೆ ದಡದಲ್ಲಿ ಕೂಗಿದವರಿಗೆ ಇರಲಿಲ್ಲ.

ನಮ್ಮ ಜಗ್ಗಾಟದಲ್ಲಿ ಹಾಗೆ ಲೆಕ್ಕದಿಂದ ಬಿಟ್ಟುಹೋಗಿರುವುದು ನೆಲ. ದೊಡ್ಡ ಯಂತ್ರವೇ ದೊಡ್ಡಸ್ತಿಕೆಯೆಂಬ ನಂಬಿಕೆ ಜಾತ್ರೆಯ ಬಯಲಿನಿಂದ ಹೊಲಕ್ಕಿಳಿಯುತ್ತದೆ. ಭಾರವಾದ ಯಂತ್ರ ಹಸಿನೆಲದಲ್ಲಿ ಓಡಾಡಿದರೆ ನೇಗಿಲು ತಲುಪದ ಆಳದಲ್ಲೂ ಮಣ್ಣು ಅದುಮಿಹೋಗುತ್ತದೆ. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆ, ಶೇಂಗಾ ಬದುಕುವುದು ಮಣ್ಣು ಹೀರಿಟ್ಟ ನೀರಿನಿಂದ. ಅದುಮಿದ ಮಣ್ಣು ನೀರು ಕುಡಿಯದು. ಮಳೆನೀರು ಮೇಲ್ಮಣ್ಣನ್ನೂ ಹೊತ್ತು ಹಳ್ಳಕ್ಕೆ ಹರಿಯುತ್ತದೆ. ಗಂಗಾವತಿ ಸೀಮೆಯ ಗುಡ್ಡಗಳ ಬುಡದ ಇಳಿಜಾರಿನಲ್ಲಂತೂ ಈ ಹಾನಿ ಇನ್ನೂ ಹೆಚ್ಚು.

ಸ್ಪರ್ಧೆಯೇ ಬೇಡವೆಂದು ನಾನು ಹೇಳುತ್ತಿಲ್ಲ. 1953ರಲ್ಲಿ ಕೆನಡಾದಲ್ಲಿ ಆರಂಭವಾದ ವಿಶ್ವ ಉಳುಮೆ ಸ್ಪರ್ಧೆಯಲ್ಲಿ ಅಂಕ ದೊರೆಯುವುದು ಸಾಲಿನ ನೇರಕ್ಕೆ, ಆಳದ ಸಮತೆಗೆ, ಗರ್ಜನೆಗಲ್ಲ. ಕೊಪ್ಪಳ ಸೀಮೆಯ ಜಾತ್ರೆಗಳಲ್ಲಿಯೂ ಇಳಿಜಾರಿಗೆ ಅಡ್ಡಲಾಗಿ, ಕಡಿಮೆ ಡೀಸೆಲ್ಲಿನಲ್ಲಿ, ಹದವರಿತು ಉತ್ತವರಿಗೆ ಬಹುಮಾನವಿರಲಿ. ವಿದ್ಯಾರ್ಥಿ ಮಿತ್ರರೇ, ಜಗ್ಗಾಟಕ್ಕೆ ವಂತಿಗೆ ಕೇಳಲು ಬಂದ ಸಂಘಟಕರ ಮುಂದೆ ಈ ಬೇಡಿಕೆಯನ್ನಿಡಿ. ಧ್ವನಿವರ್ಧಕ ಇರಲಿ; ಅದನ್ನು ಹಿಡಿದವನ ಇನ್ನೊಂದು ಕೈಯಲ್ಲಿ ಅಳತೆಪಟ್ಟಿಯೂ ಇರಲಿ.