ಸೋತದ್ದು ಮೈಕ್ ಅಲ್ಲ

ಚುನಾವಣೆ ಸೋತ ಪಕ್ಷದ ಆತ್ಮಾವಲೋಕನ ಸಭೆಯಲ್ಲಿ ಏನು ಹೇಳುತ್ತಾರೆ ಎಂಬುದನ್ನು ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತವರೂ ಮುಂಚಿತವಾಗಿ ಹೇಳಿಯಾರು: ‘ನಮ್ಮ ಸಾಧನೆಯನ್ನು ಜನರಿಗೆ ತಲುಪಿಸುವಲ್ಲಿ ಎಡವಿದೆವು.’ ಕೇಳಲು ವಿನಯದ ಮಾತು. ಒಳಗಿರುವುದು ಮಾತ್ರ, ತಪ್ಪು ಕೇಳಿಸಿಕೊಳ್ಳದವರದು ಎಂಬ ದೂರು.

ತಲುಪಿಸಿದರೆ ಸಾಕು ಎಂದಾಗಿದ್ದರೆ 2023ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಈ ಜಿಲ್ಲೆಯಲ್ಲಿ ಸೋಲುವ ಮಾತೇ ಇರಲಿಲ್ಲ. ಮಾರ್ಚ್ 25ರಂದು ಪಕ್ಷದ ವಿಜಯ ಸಂಕಲ್ಪ ಯಾತ್ರೆಗಳ ಮಹಾಸಂಗಮ ನಡೆದದ್ದು ದಾವಣಗೆರೆಯಲ್ಲೇ. ಮೈಕ್ ಹಿಡಿದದ್ದು ಸ್ವತಃ ಪ್ರಧಾನಿ. ಮೇ 13ರಂದು ಎಣಿಕೆ ಮುಗಿದಾಗ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಆರು ಕಾಂಗ್ರೆಸ್ಸಿನ ಪಾಲಾಗಿದ್ದವು. 2018ರಲ್ಲಿ ಇವೇ ಏಳರಲ್ಲಿ ಐದು ಬಿಜೆಪಿಯ ಬಳಿ ಇದ್ದವು.

ಮಹಾಸಂಗಮಕ್ಕೆ ಮೂರು ವಾರ ಮೊದಲು ಚನ್ನಗಿರಿಯ ಅಂದಿನ ಬಿಜೆಪಿ ಶಾಸಕರ ಮಗ ಲಂಚದ ಆರೋಪದಲ್ಲಿ ಲೋಕಾಯುಕ್ತದ ಬಲೆಗೆ ಬಿದ್ದಿದ್ದರು. ಮನೆ ಶೋಧಿಸಿದಾಗ ಕೋಟಿಗಟ್ಟಲೆ ನಗದು ಸಿಕ್ಕಿತ್ತು. ಶಾಸಕರ ಮೇಲಿನ ಪ್ರಕರಣವನ್ನು ಮುಂದೆ ಹೈಕೋರ್ಟ್ ರದ್ದುಪಡಿಸಿದ್ದು ಬೇರೆ ಮಾತು. ಆದರೆ ಕಾಂಗ್ರೆಸ್ಸಿನ ‘ನಲವತ್ತು ಪರ್ಸೆಂಟ್ ಕಮಿಷನ್’ ಎಂಬ ಘೋಷಣೆಗೆ ಇಲ್ಲಿ ಬೇರೆ ಪ್ರಚಾರ ಬೇಕಾಗಲಿಲ್ಲ. ನೋಟಿನ ಕಂತೆಗಳನ್ನು ಜನ ಟಿವಿಯಲ್ಲಿ ನೋಡಿಯಾಗಿತ್ತು.

ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡೂ ಅಷ್ಟೆ. ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ಕರೆಂಟು, ಹೆಣ್ಣುಮಕ್ಕಳಿಗೆ ಉಚಿತ ಬಸ್ಸು. ಇದು ನೀತಿಯೋ ಪ್ರಚಾರವೋ ಎಂದು ಬಿಡಿಸಿ ಹೇಳುವುದು ಕಷ್ಟ, ಏಕೆಂದರೆ ಇದನ್ನು ಯಾರಿಗೂ ವಿವರಿಸಬೇಕಿರಲಿಲ್ಲ. ಬಿಜೆಪಿಯೂ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಕೊಡುವೆನೆಂದಿತು. ಒಂದು ಬಾಯಲ್ಲಿ ‘ಬಿಟ್ಟಿ’ ಎಂದು ಹಂಗಿಸಿ ಇನ್ನೊಂದು ಬಾಯಲ್ಲಿ ಹಾಲು ಕೊಡುವೆನೆಂದರೆ ನಂಬುವವರು ಯಾರು?

ಹಾಗಾದರೆ ನೀತಿಯೊಂದೇ ಗೆಲ್ಲಿಸುತ್ತದೆಯೇ? ಹಾಗೆನ್ನಲು ಹರಿಹರ ಬಿಡುವುದಿಲ್ಲ. ದಾವಣಗೆರೆಯಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಅದೇ ಕಾರ್ಡು, ಅದೇ ಭಾಷಣ, ಅದೇ ಟಿವಿ. ಆದರೂ ಜಿಲ್ಲೆಯಲ್ಲಿ ಬಿಜೆಪಿ ಗೆದ್ದ ಒಂದೇ ಕ್ಷೇತ್ರ ಅದು. ಅಲ್ಲಿ ಕಾಂಗ್ರೆಸ್ ತನ್ನ ಹಾಲಿ ಶಾಸಕರಿಗೆ ಟಿಕೆಟ್ ತಪ್ಪಿಸಿ ಬೇರೆಯವರನ್ನು ನಿಲ್ಲಿಸಿತ್ತು. ಜೆಡಿಎಸ್‌ನಿಂದ ಮಾಜಿ ಶಾಸಕರೇ ಕಣದಲ್ಲಿದ್ದು ಮತ ಮೂರು ಪಾಲಾಯಿತು.

ಮತ ಹೇಗೆ ಹಂಚಿಹೋಗುತ್ತದೆ ಎಂಬುದೂ ಮುಖ್ಯ ಎಂದು ರಾಜ್ಯದ ಲೆಕ್ಕವೂ ಹೇಳುತ್ತದೆ. ಬಿಜೆಪಿಗೆ 2018ರಲ್ಲೂ 2023ರಲ್ಲೂ ಬಿದ್ದದ್ದು ಶೇ 36ರ ಆಸುಪಾಸಿನ ಮತ. ಸೀಟು ಮಾತ್ರ 104ರಿಂದ 66ಕ್ಕೆ ಕುಸಿಯಿತು. ಜೆಡಿಎಸ್ ಶೇ 5ರಷ್ಟು ಕಳೆದುಕೊಂಡಿತು, ಹೆಚ್ಚುಕಡಿಮೆ ಅಷ್ಟನ್ನೇ ಕಾಂಗ್ರೆಸ್ ಗಳಿಸಿತು. ಬಿಜೆಪಿಯ ಮಾತು ಕೇಳುವವರು ಕೇಳಿದ್ದರು. ಹೊಸಬರು ಯಾರೂ ಅದರತ್ತ ಬರಲಿಲ್ಲ.

ಗೆದ್ದವರೂ ಬೀಗುವಂತಿಲ್ಲ. ಗ್ಯಾರಂಟಿಗಳು ಜಾರಿಯಾದ ಮೇಲೆ ಬಂದ 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು 28ರಲ್ಲಿ 9 ಸ್ಥಾನ. 1999ರಿಂದ ಬಿಜೆಪಿಯ ಕೈಯಲ್ಲಿದ್ದ ದಾವಣಗೆರೆಯನ್ನು ಅದು 26,094 ಮತಗಳಿಂದ ಗೆದ್ದಿತು ನಿಜ. ಆದರೆ ತಮ್ಮ ಅಭ್ಯರ್ಥಿಯ ವಿಷಯದಲ್ಲಿ ಜಿಲ್ಲೆಯ ಬಿಜೆಪಿ ಮುಖಂಡರೇ ಬಹಿರಂಗವಾಗಿ ಮುನಿಸಿಕೊಂಡಿದ್ದನ್ನು ಮರೆಯಬಾರದು. 2,000 ರೂಪಾಯಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಗಿತ್ತು, ಗೆಲುವು ಮಾತ್ರ ಎಲ್ಲ ಕಡೆ ಬರಲಿಲ್ಲ.

ಮತದಾರ ಕೇಳುವುದು ಮೂರೇ ಪ್ರಶ್ನೆ: ಏನು ಮಾಡಿದಿರಿ, ಹೇಗೆ ನಡೆದುಕೊಂಡಿರಿ, ಯಾರನ್ನು ಕಳಿಸಿದ್ದೀರಿ? ಮೂರಕ್ಕೂ ಉತ್ತರವಿದ್ದರೆ ಪ್ರಚಾರ ಅದನ್ನು ಹೊತ್ತು ಮನೆಮನೆಗೆ ಒಯ್ಯುತ್ತದೆ. ಇಲ್ಲದಿದ್ದರೆ ಖಾಲಿ ಗಾಡಿಯ ಸದ್ದೇ ಜೋರು.

ಹರಿಹರ 2008ರಲ್ಲಿ ಬಿಜೆಪಿಯನ್ನು, 2013ರಲ್ಲಿ ಜೆಡಿಎಸ್ ಅನ್ನು, 2018ರಲ್ಲಿ ಕಾಂಗ್ರೆಸ್ಸನ್ನು, 2023ರಲ್ಲಿ ಮತ್ತೆ ಬಿಜೆಪಿಯನ್ನು ಆರಿಸಿದ ಊರು. ಅಲ್ಲಿನವರಿಗೆ ಮಾತು ತಲುಪಿಲ್ಲ ಎಂದು ಯಾರೂ ಹೇಳಬೇಡಿ. ಎಲ್ಲರದೂ ತಲುಪಿದೆ.