ಕಥೆ ಪುಸ್ತಕ ಮುಚ್ಚಿಟ್ಟು ಓದು!

"ಏಯ್, ಆ ಪುಸ್ತಕ ಮುಚ್ಚಿಟ್ಟು ಓದ್ಕೋ ಹೋಗು!"

ಈ ಮಾತನ್ನು ಒಮ್ಮೆಯಾದರೂ ಆಡದ ತಾಯಿ ನಮ್ಮ ಊರುಗಳಲ್ಲಿ ಯಾರಾದರೂ ಇದ್ದಾರೆಯೆ? ನಾನೂ ಆಡಿದ್ದೇನೆ. ಮನೆಯಲ್ಲಿ ನನ್ನ ಮಗನಿಗೆ, ತರಗತಿಯಲ್ಲಿ ಪರರ ಮಕ್ಕಳಿಗೆ. ಪುಸ್ತಕ ಮುಚ್ಚಿದ ಮೇಲೆ ಓದುವುದು ಹೇಗಮ್ಮಾ ಎಂದು ಯಾವ ಮಗುವೂ ತಿರುಗಿ ಕೇಳುವುದಿಲ್ಲ. ಅದಕ್ಕೂ ಗೊತ್ತು, ನಮ್ಮಲ್ಲಿ ಓದು ಎಂದರೆ ಎರಡು. ಪರೀಕ್ಷೆಗೆ ಓದಿದರೆ ಅದು ಓದು. ಖುಷಿಗೆ ಓದಿದರೆ ಹೊತ್ತು ಹಾಳು. "ನಿಮ್ಮ ಮಗಳು ಏನು ಓದ್ತಾ ಇದಾಳೆ?" ಎಂದು ಯಾರಾದರೂ ಕೇಳಿದರೆ "ಹತ್ತನೇ ಕ್ಲಾಸು" ಎನ್ನುತ್ತೇವೆಯೇ ಹೊರತು "ತ್ರಿವೇಣಿಯವರ ಕಾದಂಬರಿ" ಎನ್ನುತ್ತೇವೆಯೆ?

ನಾನು ಕನ್ನಡ ಟೀಚರು. 1989ರಿಂದ 2020ರವರೆಗೆ, ಅರ್ಧ ಆಯುಸ್ಸು ಕೆ.ಜಿ.ಎಫ್.ನ ಒಂದು ಪ್ರೌಢಶಾಲೆಯಲ್ಲಿ, ಉಳಿದರ್ಧ ಬಂಗಾರಪೇಟೆಯ ಇನ್ನೊಂದರಲ್ಲಿ ಕಳೆದೆ. ಎಂಟು, ಒಂಬತ್ತು, ಹತ್ತನೇ ತರಗತಿಗಳು. ಮೀಸೆ ಚಿಗುರುವ, ಜಡೆ ಮುಂದಕ್ಕೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳು. ಈ ಮಕ್ಕಳು ಓದುವುದಿಲ್ಲ, ಮೊಬೈಲು ಅವರನ್ನು ಕೆಡಿಸಿಬಿಟ್ಟಿತು ಎಂದು ಈಗ ಎಲ್ಲ ಸಭೆಗಳಲ್ಲೂ ಕೇಳುತ್ತೇನೆ. ನನಗೆ ಕೋಪ ಬರುತ್ತದೆ. 2002ರಲ್ಲಿ ಚಾಂಪಿಯನ್ ರೀಫಿನ ಲೈನ್ ಮನೆಗಳಲ್ಲಿ ಯಾವ ಮಗುವಿನ ಕೈಯಲ್ಲಿ ಮೊಬೈಲಿತ್ತು? ಆಗಲೂ ಮಕ್ಕಳು ಓದುತ್ತಿರಲಿಲ್ಲ. ಓದಿದ ಒಂದಿಬ್ಬರನ್ನು ನಾವೇ ಹಿಡಿದು ನಿಲ್ಲಿಸಿದೆವು. ಮೊಬೈಲಿನ ಮೇಲೆ ತಪ್ಪು ಹೊರಿಸುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ.

ಬಿ.ಜಿ.ಎಂ.ಎಲ್. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮರುವರ್ಷ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಹಿಂದಿನ ಬೆಂಚು. ಮನೆಮಾತು ತಮಿಳು. ಅಪ್ಪನಿಗೆ ಕೆಲಸ ಹೋಗಿತ್ತು. ನಾನು ಸಮಾಸ ಮಾಡುತ್ತಿದ್ದೆ; ಅವಳು ಬೆಂಚಿನ ಕೆಳಗೆ ಪುಸ್ತಕ ಇಟ್ಟುಕೊಂಡು ಬಗ್ಗಿದ್ದಳು. ಕಿತ್ತುಕೊಂಡು ನೋಡಿದರೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ! ಪತ್ತೇದಾರ ಪುರುಷೋತ್ತಮ ಯಾರಿಗೆ ಗೊತ್ತಿಲ್ಲ ಹೇಳಿ, ನಮ್ಮ ಅಪ್ಪ ಚಿಕ್ಕಪ್ಪಂದಿರೆಲ್ಲ ಅವನ ಹಿಂದೆಯೇ ಓಡಿದವರು. ಆದರೆ ಆ ದಿನ ನನಗೆ ಸಂಸ್ಕೃತಿಯೇ ಕುಸಿದುಬಿದ್ದಂತೆ ಆಯಿತು. ಅವಳನ್ನು ಪೀರಿಯಡ್ಡು ಮುಗಿಯುವ ತನಕ ನಿಲ್ಲಿಸಿದೆ. ಪುಸ್ತಕ ಸ್ಟಾಫ್ ರೂಮಿನ ಡ್ರಾಯರಿಗೆ ಹೋಯಿತು. ಮರುದಿನ ಅವಳ ಅಮ್ಮ ಬಂದು ಬಾಗಿಲಲ್ಲಿ ನಿಂತರು. "ಟೀಚರಮ್ಮಾ, ಅದು ಬಾಡಿಗೆ ಪುಸ್ತಕ, ಅಂಗಡಿಯವರು ಪೂರಾ ದುಡ್ಡು ಕೇಳ್ತಾರೆ, ಕೊಟ್ಬಿಡಿ" ಎಂದರು. ಡ್ರಾಯರಿನಲ್ಲಿ ಪುಸ್ತಕ ಇರಲಿಲ್ಲ. ಯಾರೋ ತೆಗೆದುಕೊಂಡು ಹೋಗಿ ಓದುತ್ತಿದ್ದರೋ ಏನೋ, ಟೀಚರುಗಳೇ ಇರಬೇಕು! ಕೆಲಸ ಹೋದ ಮನೆಯ ಆ ಹೆಂಗಸು ಅದರ ದುಡ್ಡು ಕಟ್ಟಿದರು. ನಾನು ಕೊಡುತ್ತೇನೆ ಎಂದು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಹೇಳಿದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತಿತ್ತಲ್ಲ!

ಆರೇಳು ವರ್ಷ ಕಳೆದು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆ ಹುಡುಗಿ ಸಿಕ್ಕಳು. ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ನಿಮಗೆ ಗೊತ್ತಲ್ಲ. ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಕತ್ತಲಲ್ಲಿ ಎದ್ದು ಅದರಲ್ಲಿ ದುಡಿಯಲು ಹೋಗುತ್ತದೆ, ಕತ್ತಲಾದ ಮೇಲೆ ವಾಪಸು ಬರುತ್ತದೆ. ಅವಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. "ಚೆನ್ನಾಗಿದೀರಾ ಮಿಸ್?" ಎಂದಳು. ಈಗ ಏನಾದರೂ ಓದುತ್ತೀಯಾ ಎಂದು ಕೇಳಿದೆ. "ಎಲ್ಲಿ ಮಿಸ್..." ಎಂದು ನಕ್ಕಳು. ಆ ಪುಸ್ತಕದ ವಿಷಯ ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಮಕ್ಕಳಿಗೆ ಓದು ಬೇಡವಾಗುವುದು ಎಲ್ಲಿ? ಶಾಲೆಯಲ್ಲೇ, ಅದೂ ಕನ್ನಡದ ಪೀರಿಯಡ್ಡಿನಲ್ಲೇ. ಆ ಕೆಲಸವನ್ನು ನಾವು ಪ್ರಶ್ನೆಗಳಿಂದ ಮಾಡುತ್ತೇವೆ. ಒಂದು ಒಳ್ಳೆಯ ಕಥೆ ಪಾಠವಾಗಿ ಬರುತ್ತದೆ ಎನ್ನಿ. ಕಥೆ ಮುಗಿಯುವಷ್ಟರಲ್ಲಿ ಮಗುವಿನ ಕಣ್ಣು ಸ್ವಲ್ಪ ಒದ್ದೆಯಾಗಿರುತ್ತದೆ. ತಕ್ಷಣ ನಾವು ಕೇಳುತ್ತೇವೆ: ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭ ಸೂಚಿಸಿ ವಿವರಿಸಿ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ. ಬಿಟ್ಟ ಸ್ಥಳ ತುಂಬಿರಿ. ನೀವೇ ಯೋಚನೆ ಮಾಡಿ, ನಿಮ್ಮ ಮನೆಯವರು ಊಟ ಮಾಡಿ ಇನ್ನೂ ಕೈ ತೊಳೆದಿಲ್ಲ, ಆಗ ನೀವು ನಿಂತುಕೊಂಡು "ಸಾರಿಗೆ ಹುಳಿ ಹಿಂಡಿದವರು ಯಾರು? ಯಾವ ಸಂದರ್ಭದಲ್ಲಿ? ಪಲ್ಯದ ಸ್ವಾರಸ್ಯವನ್ನು ಐದು ವಾಕ್ಯಗಳಲ್ಲಿ ಬರೆಯಿರಿ" ಎಂದು ಕೇಳಿದರೆ ನಾಳೆಯಿಂದ ಯಾರಾದರೂ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾರೆಯೆ?

ಅದಕ್ಕೆ ಮಕ್ಕಳು ಜಾಣತನ ಮಾಡುತ್ತಾರೆ. ಕಥೆಯನ್ನು ಬಿಟ್ಟು ಗೈಡನ್ನು ಹಿಡಿಯುತ್ತಾರೆ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಪಾಠವನ್ನು ಒಂದು ಸಲವೂ ಪೂರ್ತಿ ಓದದೆ, ಗೈಡಿನ ಉತ್ತರ ಉರು ಹೊಡೆದು ನೂರರ ಮೇಲೆ ತೆಗೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಉತ್ತರಪತ್ರಿಕೆಗೆ ಬೆನ್ನು ತಟ್ಟಿದವಳೂ ನಾನೇ. ಆ ಮಕ್ಕಳು ಪಿ.ಯು.ಸಿ. ದಾಟಿದ ಮೇಲೆ ಒಂದು ಕನ್ನಡ ಪುಸ್ತಕ ಮುಟ್ಟಿದರೆ ನನ್ನ ಹೆಸರು ಬದಲಾಯಿಸಿ.

ಬಂಗಾರಪೇಟೆಯ ಶಾಲೆಗೆ ಹೋದಾಗ ಸ್ಟಾಫ್ ರೂಮಿನಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಅದೇ ಲೈಬ್ರರಿ. ಬೀಗದ ಕೈ ಹೆಡ್ಮಾಸ್ತರ ಮೇಜಿನಲ್ಲಿ. ಸ್ಟಾಕ್ ರಿಜಿಸ್ಟರು ಬಹಳ ಅಚ್ಚುಕಟ್ಟು. "ಹನ್ನೊಂದು ವರ್ಷದಿಂದ ಒಂದೇ ಒಂದು ಪುಸ್ತಕ ಕಳೆದಿಲ್ಲ ಮೇಡಂ" ಎಂದು ಅವರು ಹೆಮ್ಮೆಯಿಂದ ಹೇಳಿದರು. ಕಳೆದರೆ ಉಸ್ತುವಾರಿ ಟೀಚರು ದುಡ್ಡು ಕಟ್ಟಬೇಕು. ಹಾಗಾಗಿ ಯಾರೂ ಉಸ್ತುವಾರಿ ಬೇಡ ಎನ್ನುತ್ತಿದ್ದರು, ಸಿಕ್ಕಿಹಾಕಿಕೊಂಡವರು ಬೀಗ ಹಾಕುತ್ತಿದ್ದರು. ಅವರನ್ನು ದೂರುವುದಾದರೂ ಹೇಗೆ? ಸಂಬಳ ಎಷ್ಟಿತ್ತು! ಆದರೂ ಹೇಳಲೇಬೇಕು, ಹನ್ನೊಂದು ವರ್ಷ ಒಂದು ಪುಸ್ತಕವೂ ಕಳೆಯದ ಶಾಲೆಗೆ ನಾಚಿಕೆಯಾಗಬೇಕು. ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ ಕರೆಂಟು ಬಂದದ್ದು 1902ರಲ್ಲಿ; ಬೆಂಗಳೂರಿಗಿಂತ ಮೊದಲು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಬಂಡೆಯನ್ನು ಒಡೆದು ಚಿನ್ನ ತೆಗೆದ ಸೀಮೆ ನಮ್ಮದು, ಒಂದು ಬೀರು ತೆಗೆಯಲಾರೆವೆಂದರೆ?

2009ರಲ್ಲಿ ಉಸ್ತುವಾರಿ ನಾನೇ ಕೇಳಿ ತೆಗೆದುಕೊಂಡೆ. ಶನಿವಾರದ ಕೊನೆಯ ಪೀರಿಯಡ್ಡು ಯಾರಿಗೂ ಬೇಡವಾದದ್ದು, ಅದು ನನಗಿರಲಿ ಎಂದೆ. ನಿಯಮ ಒಂದೇ ಇಟ್ಟೆ: ಈ ನಲವತ್ತು ನಿಮಿಷದಲ್ಲಿ ಟೀಚರು ಪ್ರಶ್ನೆ ಕೇಳಬಾರದು. ಮಕ್ಕಳು ಕೇಳಬಹುದು.

ಮೊದಲ ಶನಿವಾರ ತೇಜಸ್ವಿಯವರ "ಕರ್ವಾಲೊ" ಹಿಡಿದು ಓದಲು ಕೂತೆ. 1980ರಲ್ಲಿ ಬಂದ ಪುಸ್ತಕ, ಈ ಮಕ್ಕಳು ಹುಟ್ಟುವ ಎಷ್ಟೋ ಮೊದಲು. ಕೂತಿದ್ದ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ತೆಲುಗು, ಕೆಲವರ ಮನೆಯಲ್ಲಿ ತಮಿಳು, ಉರ್ದು. ಮಲೆನಾಡಿನ ಮಾತು ಇವರಿಗೆ ತಿಳಿಯುತ್ತದೆಯೆ ಎಂದು ನನಗೇ ಅಳುಕು. ಮೊದಲ ಹತ್ತು ನಿಮಿಷ ಗಲಾಟೆ. ಮಂದಣ್ಣ ಬಂದ ಮೇಲೆ ಗಲಾಟೆ ಕಡಿಮೆಯಾಯಿತು. ಜೇನು ಪೆಟ್ಟಿಗೆಯ ಹತ್ತಿರ ಬಂದಾಗ ಹಿಂದಿನ ಬೆಂಚು ಮುಂದಕ್ಕೆ ಜರುಗಿತ್ತು. ನಾನು ಮಹಾ ಓದುಗಾರ್ತಿ ಏನಲ್ಲ, ಧ್ವನಿಯೂ ಒರಟು. ಸುಮ್ಮನೆ ಓದಿದೆ, ತಿಳಿಯದ ಮಾತಿಗೆ ಮಾತ್ರ ನಿಲ್ಲಿಸಿ ಅರ್ಥ ಹೇಳಿದೆ, ಸ್ವಾರಸ್ಯವನ್ನು ವಿವರಿಸಲಿಲ್ಲ. ಬೆಲ್ಲು ಹೊಡೆಯುವಾಗ ಬೇಕೆಂದೇ ಒಳ್ಳೆಯ ಜಾಗದಲ್ಲಿ ಪುಸ್ತಕ ಮುಚ್ಚುತ್ತಿದ್ದೆ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದ ನಮಗೆ ಆ ಉಪಾಯ ಯಾರು ಕಲಿಸಬೇಕು? ಮೂರನೇ ವಾರ ಒಬ್ಬ ಹುಡುಗ ಕಾರಿಡಾರಿನಲ್ಲಿ ಹಿಡಿದುಕೊಂಡ. "ಆ ಹಾರೋ ಓತಿ ಸಿಗ್ತದಾ ಇಲ್ವಾ, ಅದೊಂದು ಹೇಳ್ಬಿಡಿ ಮಿಸ್." ಹೇಳಲಿಲ್ಲ. "ಬೀರುವಿನಲ್ಲಿ ಇನ್ನೊಂದು ಪ್ರತಿ ಇದೆ, ಬೇಕಾದರೆ ತೆಗೆದುಕೋ" ಎಂದೆ. ವ್ಯಾಕರಣದಲ್ಲಿ ಎರಡು ಸಲ ಸೊನ್ನೆ ತೆಗೆದವನು ಅವನು.

ಫ್ರಾನ್ಸಿನಲ್ಲಿ ಡೇನಿಯಲ್ ಪೆನಾಕ್ ಎಂಬ ಕಾದಂಬರಿಕಾರರಿದ್ದಾರೆ, ಮೇಷ್ಟ್ರೂ ಆಗಿದ್ದವರು. 1992ರಲ್ಲಿ ಬಂದ ಅವರ ಪುಸ್ತಕವೊಂದರಲ್ಲಿ ಓದುಗರಿಗೆ ಹತ್ತು ಹಕ್ಕುಗಳನ್ನು ಕೊಟ್ಟಿದ್ದಾರೆ. ಮೊದಲನೆಯದು ಓದದೇ ಇರುವ ಹಕ್ಕು! ಪುಟ ಹಾರಿಸುವ ಹಕ್ಕು, ಅರ್ಧಕ್ಕೇ ಬಿಡುವ ಹಕ್ಕು, ಸಿಕ್ಕಿದ್ದನ್ನೆಲ್ಲ ಓದುವ ಹಕ್ಕು ಹೀಗೆ ಹೋಗಿ, ಓದಿದ್ದರ ಬಗ್ಗೆ ಏನೂ ಹೇಳದೆ ಸುಮ್ಮನಿರುವ ಹಕ್ಕಿಗೆ ನಿಲ್ಲುತ್ತದೆ. ನನಗೆ ಈ ವಿಷಯ ತಿಳಿದದ್ದು ಬಹಳ ತಡವಾಗಿ. ತಿಳಿದಾಗ ನಗು ಬಂತು. ಮದುವೆಯಾದ ಹೊಸದರಲ್ಲಿ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಕಾದಂಬರಿ ಓದಿದ ನಾವೆಲ್ಲ ಈ ಹಕ್ಕುಗಳನ್ನು ಯಾರನ್ನೂ ಕೇಳದೆ ಚಲಾಯಿಸಿದವರೇ ಅಲ್ಲವೆ? ವರ್ಣನೆ ಬಂದರೆ ಹಾರಿಸಿದೆವು, ಅಳು ಬಂದ ಕಡೆ ಎರಡು ಸಲ ಓದಿದೆವು. ಹನ್ನೆರಡನೇ ವಯಸ್ಸಿಗೆ ಮದುವೆಯಾಗಿ ಶಾಲೆ ಬಿಟ್ಟ ಎಂ.ಕೆ. ಇಂದಿರಾ ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯಲು ಕೂತು "ಫಣಿಯಮ್ಮ"ನಂಥ ಪುಸ್ತಕ ಕೊಟ್ಟರು. ಅವರಿಗೆ ಸಂದರ್ಭ ಸೂಚಿಸಿ ಎಂದು ಯಾರು ಕೇಳಿದ್ದರು? ಆದರೆ ನಾವೇ ತಾಯಂದಿರಾದ ಮೇಲೆ ಅತ್ತೆಯ ಜಾಗದಲ್ಲಿ ನಿಂತೆವು.

"ಇವೆಲ್ಲ ಮೈಸೂರು, ಧಾರವಾಡದ ಮಕ್ಕಳಿಗೆ ಸರಿ ಮೇಡಂ, ನಮ್ಮವರಿಗೆ ಒತ್ತಕ್ಷರವೇ ಬರೋದಿಲ್ಲ, ಮೊದಲು ಪಾಸಾಗಲಿ" ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಿದ್ದರು. ಈ ಮಾತಿನಲ್ಲಿ ಕರುಣೆ ಕಾಣುತ್ತದೆ, ಒಳಗಿರುವುದು ತಾತ್ಸಾರ. ಬಂಗಾರಪೇಟೆಯಿಂದ ರೈಲಿನಲ್ಲಿ ಟೇಕಲ್ ದಾಟಿದರೆ ಮಾಲೂರು. ಆ ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. ಕನ್ನಡದ ಸಣ್ಣಕಥೆಗೆ ಅವರೇ ದೊಡ್ಡವರು, 1983ರ ಜ್ಞಾನಪೀಠವೂ ಬಂತು. ಲೈನ್ ಮನೆಯ ಹುಡುಗನಿಗೂ ಅವರಿಗೂ ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ಅವರಿಗಿದ್ದ ಕಾಲೇಜು, ನೌಕರಿ ಇವನಿಗೆಲ್ಲಿ? ಆದರೆ ಮನೆಮಾತು ಬೇರೆ ಎಂಬ ಕಾರಣ ನಿಲ್ಲುವುದಿಲ್ಲ ಎಂದಷ್ಟೇ ನಾನು ಹೇಳುವುದು. ಮನೆಯಲ್ಲಿ ಪುಸ್ತಕ ಇಲ್ಲದ, ಅಪ್ಪ ಅಮ್ಮ ರಾತ್ರಿ ಒಂಬತ್ತಕ್ಕೆ ರೈಲಿಳಿಯುವ ಮಗುವಿಗೆ ಖುಷಿಯ ಓದು ಸಿಗುವುದಿದ್ದರೆ ತರಗತಿಯಲ್ಲೇ ಸಿಗಬೇಕು. ಅನುಕೂಲಸ್ಥರ ಮಕ್ಕಳಿಗೆ ಬೇಕಾದರೆ ಬೆಂಗಳೂರಿನ ಅಂಗಡಿಗಳಿವೆ.

ನಮ್ಮ ಓದು ಕೆಲವು ಮನೆಗಳಿಗೂ ಹೋಯಿತು. ಒಬ್ಬ ಹುಡುಗಿ ಅನುಪಮಾ ನಿರಂಜನರ "ದಿನಕ್ಕೊಂದು ಕಥೆ"ಯ ಒಂದು ಸಂಪುಟ ತೆಗೆದುಕೊಂಡು ಹೋಗಿ ಎರಡು ತಿಂಗಳು ತರಲೇ ಇಲ್ಲ. ಚಿಕ್ಕ ಮಕ್ಕಳ ಪುಸ್ತಕ ನಿನಗ್ಯಾಕೆ ಎಂದರೆ, "ರಾತ್ರಿ ನಾನು ಓದ್ತೀನಿ ಮಿಸ್, ತೆಲುಗಲ್ಲಿ ಅಜ್ಜಿಗೆ ಹೇಳ್ತೀನಿ, ಅಜ್ಜಿ ಬಿಡಲ್ಲ" ಎಂದಳು. ಪುಸ್ತಕ ವಾಪಸು ಬಂದಾಗ ರಟ್ಟಿಗೆ ದೋಸೆ ಹಿಟ್ಟು ಮೆತ್ತಿತ್ತು. ಎಲ್ಲವೂ ಹೀಗೆ ಚೆಂದ ನಡೆಯಿತು ಎಂದುಕೊಳ್ಳಬೇಡಿ. ಆ ಪೀರಿಯಡ್ಡಿನಲ್ಲಿ ನಿದ್ದೆ ಮಾಡಿದವರಿದ್ದರು, ಕಿಟಕಿಯಿಂದ ಹಾರಿ ಪಾನಿಪುರಿಗೆ ಹೋದವರಿದ್ದರು. ಫಲಿತಾಂಶ ಇಳಿದ ವರ್ಷ ನನ್ನ ಶನಿವಾರವನ್ನು ಗಣಿತಕ್ಕೆ ಕೊಟ್ಟುಬಿಟ್ಟರು. ಜಗಳವಾಡಿ ಮರುವರ್ಷ ವಾಪಸು ತೆಗೆದುಕೊಂಡೆ.

ನಿಮ್ಮಲ್ಲಿ ಒಂದು ಕೇಳಿಕೆ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಎಂದು ನಾವು ಕಟ್ಟುತ್ತೇವೆ, 1965ರ ಕಾಯ್ದೆಯ ಪ್ರಕಾರ. ಊರಿನ ಲೈಬ್ರರಿಯಲ್ಲಿ ನಿಮ್ಮ ಮಕ್ಕಳ ಹೆಸರು ಬರೆಸಿ. ಪೋಷಕರ ಸಭೆಯಲ್ಲಿ ಅಂಕ ಕೇಳಿ ಆದ ಮೇಲೆ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಎಂದೂ ಕೇಳಿ. ಟೀಚರು ಮುಖ ಗಂಟಿಕ್ಕಿದರೆ ಇಕ್ಕಲಿ, ಇನ್ನೊಮ್ಮೆ ಕೇಳಿ.

2020ರಲ್ಲಿ ನಿವೃತ್ತಿಯಾಗುವಾಗ ಚಾರ್ಜು ಕೊಡಲು ರಿಜಿಸ್ಟರು ತಾಳೆ ನೋಡಿದೆವು. 43 ಪುಸ್ತಕ ಇರಲಿಲ್ಲ. ಗುಮಾಸ್ತರಿಗೆ ಸಂಕಟ, "ಮಕ್ಕಳ ಮನೆಗೆ ಹೇಳಿ ಕಳಿಸೋಣವೇ ಮೇಡಂ?" ಎಂದರು. ಬೇಡ ಎಂದೆ. ಕೂತು ಒಂದೊಂದರ ಬೆಲೆ ಬರೆದು ಕೂಡಿದೆವು. ಎರಡು "ಕರ್ವಾಲೊ" ಪ್ರತಿಗಳೂ ಆ ಪಟ್ಟಿಯಲ್ಲಿದ್ದವು. ದುಡ್ಡು ಕಟ್ಟಿ ರಸೀದಿ ತೆಗೆದುಕೊಂಡು ಸಂಜೆಯ ರೈಲಿಗೆ ಮನೆಗೆ ಬಂದೆ.